ವೀಸಾ ಫೋಟೊ: ಪಟಕಾ ತೆಗೀರಿ, ಮೂಗುತಿ ಇರಲಿ

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬಂದವರಿಗೆ ಫೋಟೊದ ಚಿಂತೆ ಇರುವುದಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ಬಿಟ್ಟರೆ ಉಳಿದವರ ಫೋಟೊವನ್ನು ಅಲ್ಲೇ ತೆಗೆಯುತ್ತಾರೆ. ವೀಸಾ ಅರ್ಜಿಗೂ ಹಾಗೇ ಇರಬೇಕೆಂದುಕೊಂಡು ಕೂತವರು ಪೇಚಿಗೆ ಸಿಗುವುದು ಇಲ್ಲೇ.

ಕಾಗಿನೆಲೆಯ ನಮ್ಮ ದೊಡ್ಡಪ್ಪ, ದೊಡ್ಡವ್ವ ಅಮೆರಿಕದಲ್ಲಿರುವ ಮೊಮ್ಮಗಳನ್ನು ನೋಡಲು ಹೊರಟಾಗ ನಾನೇ ಅವರನ್ನು ಸ್ಟುಡಿಯೊಕ್ಕೆ ಕರೆದುಕೊಂಡು ಹೋದೆ. ಸ್ಟುಡಿಯೊದ ಹುಡುಗ ಬಹಳ ಅಕ್ಕರೆಯಿಂದ, "ಮಾರಿ ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ ಅಜ್ಜಾರ?" ಅಂದ. ಬೆಳ್ಳಗೆ ಮಾಡಿದ. ದೊಡ್ಡವ್ವನ ಗದ್ದದ ಮೇಲಿನ ಮಚ್ಚೆಯನ್ನು ಅಳಿಸಿದ. ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಬಿಳಿ ಬಣ್ಣ ತುಂಬಿದ. ಆ ಭರದಲ್ಲಿ ದೊಡ್ಡಪ್ಪನ ಕಿವಿಯ ಅಂಚೂ ಹೋಯಿತು. ಆ ಫೋಟೊ ಅರ್ಜಿಯಲ್ಲಿ ಪಾಸಾಗಲಿಲ್ಲ. ಅವನ ತಪ್ಪೇನಿಲ್ಲ. ಮದುವೆ ಫೋಟೊಕ್ಕೆ ಅದೇ ಕೆಲಸಕ್ಕೆ ಶಹಬ್ಬಾಸ್ ಸಿಗುತ್ತದೆ. ವೀಸಾ ಫೋಟೊಕ್ಕೆ ಬೇಕಾದದ್ದು ಚೆಂದದ ಮುಖವಲ್ಲ, ಇದ್ದ ಹಾಗಿರುವ ಮುಖ. ವಿಮಾನ ನಿಲ್ದಾಣದ ಯಂತ್ರ ಫೋಟೊದ ಮುಖವನ್ನೂ ಎದುರಿಗೆ ನಿಂತವರ ಮುಖವನ್ನೂ ಹೋಲಿಸಿ ನೋಡುತ್ತದೆ. ಮಚ್ಚೆ, ಸುಕ್ಕು, ಮೈಬಣ್ಣ ಎಲ್ಲವೂ ಇದ್ದ ಹಾಗೇ ಇರಬೇಕು.

ಕೊನೆಗೆ ಮನೆಯಲ್ಲೇ, ಮೊಬೈಲಿನಲ್ಲೇ ತೆಗೆದೆವು. ಅದು ಪಾಸಾಯಿತು.

ಮೊದಲು ಅಳತೆ

ಯಾವ ದೇಶ ಅನ್ನುವುದು ಮೊದಲು ಖಾತ್ರಿಯಾಗಲಿ. ಅಮೆರಿಕಕ್ಕೆ 2 ಇಂಚು ಉದ್ದ, 2 ಇಂಚು ಅಗಲದ ಚೌಕ ಫೋಟೊ, ಅಂದರೆ 51 ಮಿ.ಮೀ. ಗದ್ದದ ತುದಿಯಿಂದ ನೆತ್ತಿಯವರೆಗೆ 25ರಿಂದ 35 ಮಿ.ಮೀ. ಇರಬೇಕು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಇಟ್ಟು ನೀವೇ ಅಳೆಯಬಹುದು. ಅಮೆರಿಕ ವೀಸಾದ ಆನ್‌ಲೈನ್ ಅರ್ಜಿಯಾದ ಡಿಎಸ್-160ಕ್ಕೆ ಹಾಕುವ ಕಡತ ಜೆಪೆಗ್ ಆಗಿರಬೇಕು, 600×600ರಿಂದ 1200×1200 ಪಿಕ್ಸೆಲ್ ಒಳಗಿರಬೇಕು, 240 ಕೆ.ಬಿ. ದಾಟಬಾರದು. ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಸೇರಿ 29 ದೇಶಗಳ ಷೆಂಗೆನ್ ವೀಸಾಕ್ಕೆ 35×45 ಮಿ.ಮೀ. ಅದು ನಮ್ಮ ಊರಿನ ಪಾಸ್‌ಪೋರ್ಟ್ ಸೈಜೇ, ಆದರೆ ಮುಖ ಫೋಟೊದ ಶೇ 70ರಿಂದ 80ರಷ್ಟು ತುಂಬಿರಬೇಕು, ಗಾಢ ನೀಲಿ ಪರದೆ ನಡೆಯುವುದಿಲ್ಲ. ಬ್ರಿಟನ್ ವೀಸಾದವರಿಗೆ ಅರ್ಜಿ ಕೇಂದ್ರದಲ್ಲೇ ಬೆರಳಚ್ಚಿನ ಜೊತೆ ಫೋಟೊ ತೆಗೆಯುತ್ತಾರೆ.

ಅಮೆರಿಕಕ್ಕಾಗಲಿ ಷೆಂಗೆನ್‌ಗಾಗಲಿ ಫೋಟೊ ಆರು ತಿಂಗಳೊಳಗಿನದಾಗಿರಬೇಕು. ನಡುವೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರೆ, ಗಡ್ಡ ಬಿಟ್ಟಿದ್ದರೆ ಅಥವಾ ತೆಗೆಸಿದ್ದರೆ ಈಗಿನ ಮುಖದ್ದೇ ಹೊಸದು ತೆಗೆಸುವುದು ಒಳ್ಳೆಯದು.

ತಲೆ, ಹಣೆ, ಕಣ್ಣು

ನಮ್ಮ ಕಡೆಯ ಹಿರಿಯರಿಗೆ ಕಷ್ಟವಾಗುವುದು ಬರಿತಲೆಯಲ್ಲಿ ಕೂರುವುದೇ. ದೊಡ್ಡಪ್ಪ ಪಟಕಾ ಇಲ್ಲದೆ ಹೊಸ್ತಿಲು ದಾಟಿದವರಲ್ಲ. "ಬರಿ ತಲೀಲೆ ಹೆಂಗ ಕುಂದ್ರಲೋ ತಮ್ಮಾ?" ಅಂದರು. ಧರ್ಮದ ಕಾರಣಕ್ಕೆ ದಿನಾಲೂ ಧರಿಸುವ ತಲೆಯ ವಸ್ತ್ರಕ್ಕೆ ಮಾತ್ರ ಅಮೆರಿಕದ ನಿಯಮದಲ್ಲಿ ಅವಕಾಶವಿದೆ. ಆಗಲೂ ಮುಖ ಪೂರ್ತಿ ಕಾಣಬೇಕು, ಬಟ್ಟೆಯ ನೆರಳು ಮುಖದ ಮೇಲೆ ಬೀಳಬಾರದು. ಹಿಜಾಬ್ ಹಾಕುವ ಹೆಣ್ಣುಮಕ್ಕಳಿಗೂ ಇದೇ ಮಾತು. ರೂಢಿಯ ಪಟಕಾ, ಟೊಪ್ಪಿಗೆ, ತಲೆಯ ಮೇಲಿನ ಸೆರಗು ಆ ಲೆಕ್ಕಕ್ಕೆ ಬರುವುದಿಲ್ಲ. ಹಿರಿಯರಿಗೆ ಇದನ್ನು ಸ್ಟುಡಿಯೊದಲ್ಲಿ ನಾಲ್ಕು ಜನರ ಎದುರಿಗೆ ಹೇಳಬೇಡಿ, ಹಿಂದಿನ ದಿನವೇ ಮನೆಯಲ್ಲಿ ಕೂತು ಹೇಳಿ.

ಮೂಗುತಿ, ಓಲೆ, ತಾಳಿ ಇರಲಿ, ಅವು ಮುಖ ಮುಚ್ಚುವುದಿಲ್ಲ. ಕುಂಕುಮ ಸಣ್ಣದಿರಲಿ, ಮಿಂಚುವ ಟಿಕಳಿ ಬೇಡ. ಹಣೆತುಂಬ ವಿಭೂತಿ, ಭಂಡಾರ ಇದ್ದರೆ ಅಷ್ಟು ಹೊತ್ತು ಒರೆಸಿಕೊಳ್ಳುವುದು ಕ್ಷೇಮ. ಕಟ್ಟಿಸಿದ ಹಲ್ಲು ದಿನಾ ಹಾಕುವವರು ಹಾಕಿಕೊಂಡೇ ಕೂರಲಿ.

ಕನ್ನಡಕ ತೆಗೆಯಲೇಬೇಕು. ಅಮೆರಿಕ 2016ರ ನವೆಂಬರ್ 1ರಿಂದ ವೀಸಾ ಫೋಟೊದಲ್ಲಿ ಕನ್ನಡಕವನ್ನು ನಿಲ್ಲಿಸಿದೆ. ತೆಗೆದ ಮೇಲೆ ಮೂಗಿನ ಮೇಲಿನ ಗುರುತು ಮಾಯಲು ಹತ್ತು ನಿಮಿಷ ಬಿಡಿ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆಯಲ್ಲಿ ದುಡಿದು ಬಂದವರು, ಮನೆಯಲ್ಲಿ ಕಾಯಿಯ ತೊಟ್ಟು ಬಿಡಿಸಿ ಎದ್ದವರು ಅವತ್ತೇ ಕೂರಬೇಡಿ. ಘಾಟಿಗೆ ಕಣ್ಣು ಕೆಂಪಾಗಿ ಅರ್ಧ ಮುಚ್ಚಿರುತ್ತದೆ. ಎರಡೂ ಕಣ್ಣು ಪೂರ್ತಿ ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮುಖ ಸಹಜವಾಗಿರಬೇಕು.

ಮನೆಯಲ್ಲೇ ತೆಗೆಯುವ ಬಗೆ

ನಮ್ಮ ಮನೆಗಳ ಗೋಡೆ ಹೆಚ್ಚಾಗಿ ಹಸಿರು ಇಲ್ಲವೇ ನೀಲಿ. ನಾವು ದೊಡ್ಡಪ್ಪನ ಹೊಸ ಬಿಳಿ ಧೋತರವನ್ನು ಇಸ್ತ್ರಿ ಮಾಡಿ, ಎರಡು ಪದರು ಮಾಡಿ, ದಡಿ ಕಾಣದಂತೆ ಮಡಚಿ ಪಡಸಾಲೆಯ ಗೋಡೆಗೆ ಬಿಗಿಯಾಗಿ ಕಟ್ಟಿದೆವು. ಸುಕ್ಕು ಇರಬಾರದು. ಹಿಂದೆ ಬಿಳಿ ಇದ್ದಾಗ ಬಿಳಿ ಅಂಗಿ ಹಾಕಿದರೆ ಹೆಗಲು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ದೊಡ್ಡಪ್ಪನಿಗೆ ಮಗನ ಬೂದು ಅಂಗಿ ತೊಡಿಸಿದೆವು.

ಕೂರುವವರು ಧೋತರದಿಂದ ಎರಡಡಿ ಮುಂದೆ ಇರಲಿ, ಆಗ ನೆರಳು ಹಿಂದೆ ಬೀಳುವುದಿಲ್ಲ. ಬೆಳಕು ಎದುರಿನ ಬಾಗಿಲಿನಿಂದ ಬರಲಿ. ಮುಂಜಾನೆ ಒಂಬತ್ತು ಹತ್ತರ ಹೊತ್ತು, ನೇರ ಬಿಸಿಲು ಮುಖಕ್ಕೆ ಬೀಳದ ಜಾಗ. ಫ್ಲ್ಯಾಶ್ ಬೇಡ. ನಮ್ಮ ಮೊದಲ ಫೋಟೊದಲ್ಲಿ ದೊಡ್ಡವ್ವನ ಗದ್ದದ ಕೆಳಗೆಲ್ಲ ಕೆಂಪು ಛಾಯೆ. ಏನಪ್ಪ ಅಂತ ನೋಡಿದರೆ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿಗೆ ಬಿಸಿಲು ಬಿದ್ದು, ಆ ಕೆಂಪು ಒಳಗೆ ಹೊಡೆಯುತ್ತಿತ್ತು! ಮೇಲೊಂದು ತಾಡಪತ್ರಿ ಮುಚ್ಚಿದ ಮೇಲೆ ಸರಿಹೋಯಿತು.

ಸೆಲ್ಫಿ ಬೇಡ. ಇನ್ನೊಬ್ಬರು ಮೊಬೈಲಿನ ಹಿಂದಿನ ಕ್ಯಾಮೆರಾದಿಂದ, ನಾಲ್ಕೈದು ಅಡಿ ದೂರದಿಂದ, ಕೂತವರ ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಲಿ. ಹತ್ತಿರ ಹಿಡಿದರೆ ಮೂಗು ದಪ್ಪಗೆ ಬರುತ್ತದೆ. ಬ್ಯೂಟಿ, ಪೋರ್ಟ್ರೇಟ್, ಫಿಲ್ಟರ್ ಎಲ್ಲ ಬಂದ್ ಮಾಡಿ. ತಲೆಯ ಸುತ್ತ ಜಾಗ ಬಿಟ್ಟು ತೆಗೆಯಿರಿ, ಕತ್ತರಿಸುವುದು ಆಮೇಲೆ. ಇಪ್ಪತ್ತು ತೆಗೆದರೆ ಎರಡು ಸರಿ ಬರುತ್ತವೆ.

ಎಳೆಗೂಸಾದರೆ ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿಸಿ ಮೇಲಿನಿಂದ ತೆಗೆಯಿರಿ. ಕೆನ್ನೆಯ ದೃಷ್ಟಿಬೊಟ್ಟು ಒರೆಸಿ, ತಾಯಿಯ ಕೈ ಕಾಣದಿರಲಿ.

ಸ್ಟುಡಿಯೊದಲ್ಲೇ ಆಗಲಿ ಅನ್ನುವವರು ಒಂದು ಚೀಟಿ ಬರೆದುಕೊಂಡು ಹೋಗಿ: "2×2 ಇಂಚು, ಬಿಳಿ ಪರದೆ, ತಲೆ 25ರಿಂದ 35 ಮಿ.ಮೀ., ಟಚಿಂಗ್ ಬೇಡವೇ ಬೇಡ." ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಪ್ರಿಂಟಿನ ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆಯಿರಿ. ಪ್ರಿಂಟು ಮಾತ್ರ ಇದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. 2 ಇಂಚಿಗೆ ಸರಿಯಾಗಿ 600 ಪಿಕ್ಸೆಲ್ ಬರುತ್ತದೆ.

ಅರ್ಜಿ ತುಂಬುವ ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಅದು ಕುಗ್ಗಿ ಮಸುಕಾಗುತ್ತದೆ. ಪ್ರಿಂಟಿಗೆ ಪಿನ್ನು ಹೊಡೆಯಬೇಡಿ, ಮೇಲೆ ಸಹಿ ಹಾಕಬೇಡಿ. ಎರಡು ಪ್ರತಿ ಹೆಚ್ಚಿಗೆ ಇಟ್ಟುಕೊಂಡೇ ಅಮೆರಿಕ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಬಸ್ಸು ಹತ್ತಿ.

ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಪಟಕಾ ಸುತ್ತಿಕೊಂಡರು, ದೊಡ್ಡವ್ವ ಸೆರಗು ಹೊದ್ದರು, ಅದೇ ಧೋತರದ ಮುಂದೆ ಇಬ್ಬರದ್ದೂ ಜೋಡಿ ಫೋಟೊ ತೆಗೆದೆವು. ನೀವೂ ತೆಗೆಯಿರಿ. ಆದರೆ ಆ ಕಡತಕ್ಕೆ ಬೇರೆ ಹೆಸರು ಕೊಡಿ, ರಾತ್ರಿ ಎಚ್ಚರವಿದ್ದು ಅರ್ಜಿ ತುಂಬುವವರು ಗಡಿಬಿಡಿಯಲ್ಲಿ ಅದನ್ನೇ ಹಾಕಿಯಾರು.