ಒಂದೇ ಒಲೆ, ಹಲವು ಸೌದೆ: ಬಹು ಇಂಧನ ಒಲೆಯನ್ನು ಉರಿಸುವ ಕ್ರಮ



ನಮ್ಮ ಪೈಕಿ ಬಹುತೇಕ ಮನೆಗಳಿಗೆ ಅಡುಗೆ ಅನಿಲದ ಸಿಲಿಂಡರು ಬಂದಿದೆ. ಆದರೂ ಹಿತ್ತಲ ಒಲೆ ಆರಿಲ್ಲ. ಸ್ನಾನದ ಹಂಡೆಗೆ, ಕೊಟ್ಟಿಗೆಯ ಕೆಲಸಕ್ಕೆ, ಆಳುಗಳ ಅಡುಗೆಗೆ, ಅಡಿಕೆ ಬೇಯಿಸುವುದಕ್ಕೆ ಸೌದೆಯೇ ಆಗಬೇಕು. ಅದನ್ನು ಉರಿಸುವ ಕ್ರಮವನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ. ಉದಾಹರಣೆಗಳನ್ನು ಮಾತ್ರ ಮಲೆನಾಡಿನಿಂದ ತೆಗೆದುಕೊಂಡಿಲ್ಲ. ಬಯಲುಸೀಮೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಂದ ತೆಗೆದುಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ನಮ್ಮಲ್ಲಿ ತೋಟದ ಸೌದೆ ಹೇರಳ. ಒಂದು ಕೊರಡು ಉರಿಯದಿದ್ದರೆ ಇನ್ನೊಂದನ್ನು ತುರುಕಿದರಾಯಿತು. ಆ ನಾಲ್ಕು ತಾಲ್ಲೂಕುಗಳಲ್ಲಿ ಹಾಗಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಮನೆಯ ಒಲೆ ಆಯಾ ಕಾಲಕ್ಕೆ ಸಿಕ್ಕಿದ್ದನ್ನು ತಿನ್ನಬೇಕು. ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಪುಳ್ಳೆ, ತೊಗರಿ ಕಡ್ಡಿ, ಮುಸುಕಿನ ಜೋಳದ ದಿಂಡು, ಕಡಲೆಕಾಯಿ ಸಿಪ್ಪೆ, ಕತ್ತರಿಸಿದ ದ್ರಾಕ್ಷಿ ಬಳ್ಳಿ, ಬೆರಣಿ, ಅಪರೂಪಕ್ಕೆ ಹುಣಸೆ ಅಥವಾ ಹೊಂಗೆಯ ಕೊರಡು, ಎಲ್ಲವೂ ಅದೇ ಒಲೆಗೆ. ಬಹು ಇಂಧನ ಒಲೆಯ ಪಾಠವನ್ನು ಅಲ್ಲಿಯ ಗೃಹಿಣಿಯರಿಂದಲೇ ಕಲಿಯಬೇಕು.

ಒಲೆ ಎಲ್ಲವನ್ನೂ ಉರಿಸುತ್ತದೆ ಎಂದರೆ ಎಲ್ಲವನ್ನೂ ಒಂದೇ ರೀತಿಯಲ್ಲಿ ಉರಿಸುತ್ತದೆ ಎಂದು ಅರ್ಥವಲ್ಲ. ಒಣಗಿದ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕಾವಿಗೆ ಅನಿಲವಾಗಿ ಹೊರಬರುತ್ತದೆ. ನಾವು ಜ್ವಾಲೆ ಎಂದು ನೋಡುವುದು ಆ ಅನಿಲ ಉರಿಯುವುದನ್ನೇ. ಉಳಿದ ಕಾಲು ಪಾಲು ಕೆಂಡವಾಗುತ್ತದೆ. ಅನಿಲಕ್ಕೆ ಬೆಂಕಿ ತಗಲದಿದ್ದರೆ ಅದೇ ಹೊಗೆ. ಆದ್ದರಿಂದ ಅಡುಗೆಮನೆಯಲ್ಲಿ ತುಂಬುವ ಹೊಗೆಯೆಂದರೆ ಹಣ ಕೊಟ್ಟು ತಂದು ಉರಿಸದೆ ಬಿಟ್ಟ ಸೌದೆ ಎಂದೇ ತಿಳಿಯಬೇಕು. ಗೃಹಿಣಿಯ ಕಣ್ಣಿಗೂ ಎದೆಗೂ ಆಗುವ ಹಾನಿಯನ್ನು ಬೇರೆ ಹೇಳಬೇಕಾಗಿಲ್ಲ.

ಹಸಿ ಸೌದೆಯ ವಿಚಾರದಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಆಗತಾನೇ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ ಇರುತ್ತದೆ. 10 ಕಿಲೋ ಹಸಿ ಸೌದೆಯಲ್ಲಿ 5 ಕಿಲೋ ನೀರು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 620 ಕಿಲೋಕ್ಯಾಲರಿ ಶಾಖ ಬೇಕು. ಅಂದರೆ 5 ಕಿಲೋಗೆ 3,100. ಉಳಿದ 5 ಕಿಲೋ ಒಣ ಮರದಿಂದ ಸಿಗುವುದು ಸುಮಾರು 21,500. ಹಾಗಾದರೆ ನಷ್ಟ ಏಳರಲ್ಲಿ ಒಂದು ಪಾಲು ಮಾತ್ರವೇ ಎಂದು ಯಾರಾದರೂ ಕೇಳಬಹುದು. ಕಾಗದದ ಮೇಲೆ ಅಷ್ಟೇ. ಆದರೆ ಆ ನೀರು ಆರುವ ತನಕ ಒಲೆಯ ಒಡಲು ತಣ್ಣಗಿರುತ್ತದೆ, ತಣ್ಣಗಿನ ಒಡಲಲ್ಲಿ ಅನಿಲಕ್ಕೆ ಬೆಂಕಿ ಹತ್ತುವುದಿಲ್ಲ, ಮುಕ್ಕಾಲು ಪಾಲಿನ ಬಹುಭಾಗ ಹೊಗೆಯಾಗಿ ಹೋಗುತ್ತದೆ. ದೊಡ್ಡ ನಷ್ಟ ಇರುವುದು ಇಲ್ಲಿ. ಸೀಳಿ, ಗಾಳಿಯಾಡುವಂತೆ ಅಟ್ಟಿ, ಮೇಲೆ ಮಾತ್ರ ಮುಚ್ಚಿ ಒಂದು ಬೇಸಿಗೆ ಕಳೆಸಿದರೆ ನೀರಿನ ಅಂಶ ಆರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಸೀಳದ ಕೊರಡು ಎಷ್ಟು ಕಾಲ ಬಿದ್ದಿದ್ದರೂ ಒಳಗೆ ಹಸಿಯೇ.

ಈಗ ಒಲೆಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವಲ್ಲಿ, 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು 1980ರ ದಶಕದಲ್ಲಿ ಹಳ್ಳಿಗಳಿಗೆ ಮುಟ್ಟಿಸಲಾಯಿತು. ಕೆಳಗೆ ಸರಳಿನ ಜಾಲರಿ, ಮುಚ್ಚಿದ ಉರಿಗೂಡು, ಪಾತ್ರೆಗಳ ತಳವನ್ನು ಸವರಿಕೊಂಡು ಚಿಮಣಿಗೆ ಹೋಗುವ ಬಿಸಿಗಾಳಿ. ಅದರ ಗುಟ್ಟು ಇಷ್ಟೇ. ಆ ಬಳಿಕ ಬಂದ ಒಳ್ಳೆಯ ಒಲೆಗಳಲ್ಲೆಲ್ಲ ಈ ತತ್ವ ಕಾಣುತ್ತದೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಅದೇ ಸಂಸ್ಥೆಯ ಸಂಶೋಧನೆಯ ನೆರವಿನಿಂದ 2000ದ ದಶಕದಲ್ಲಿ ‘ಊರ್ಜಾ’ ಎಂಬ ಫ್ಯಾನಿನ ಒಲೆ ಮಾರಾಟಕ್ಕೆ ಬಂತು. ಹೊಗೆ ಬಹಳ ಕಡಿಮೆ. ಆದರೆ ಅದಕ್ಕೆ ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಗುಳಿಗೆಗಳೇ ಆಗಬೇಕು. ಗುಳಿಗೆಯ ಬೆಲೆ ಏರಿದಾಗ ಲಕ್ಷಗಟ್ಟಲೆ ಮಾರಾಟವಾಗಿದ್ದ ಒಲೆ ಅನೇಕ ಮನೆಗಳಲ್ಲಿ ಮೂಲೆ ಸೇರಿತು. ಹಳ್ಳಿಯ ಒಲೆಗೆ ಹಲವು ಬಗೆಯ ಇಂಧನ ಒಗ್ಗಬೇಕು ಎಂಬ ಅಭಿಪ್ರಾಯ ನಮಗೆ ಗಟ್ಟಿಯಾದದ್ದು ಇದರಿಂದಲೇ.

ಹೊತ್ತಿಸುವ ಮೊದಲು ಬೂದಿಯ ಬಾಗಿಲನ್ನು ಪೂರ್ತಿ ತೆರೆಯಬೇಕು. ಚಿಮಣಿ ತಣ್ಣಗಿದ್ದರೆ ಹೊಗೆಯನ್ನು ಎಳೆಯುವುದಿಲ್ಲ, ಮನೆಯೊಳಕ್ಕೇ ತಳ್ಳುತ್ತದೆ. ಒಂದು ಹಿಡಿ ಒಣ ಸೋಗೆಯನ್ನೋ ಕಾಗದವನ್ನೋ ಚಿಮಣಿಯ ಬುಡದಲ್ಲಿ ಒಂದು ನಿಮಿಷ ಉರಿಸಿದರೆ ಎಳೆತ ಆರಂಭವಾಗುತ್ತದೆ. ಪುಳ್ಳೆಗಳನ್ನು ಅಡ್ಡಡ್ಡಲಾಗಿ ಸಡಿಲವಾಗಿ ಇಡಬೇಕು. ಉರಿ ನಿಂತ ಮೇಲೆ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ಗಾತ್ರದ ಸೌದೆ ಸಾಕು. ಒಲೆಯ ಬಾಯಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು; ಉಳಿದರ್ಧ ಗಾಳಿಯ ದಾರಿ. ಬಾಯಿಯಿಂದ ಹೊರಗೆ ಮೊಳದುದ್ದ ಚಾಚಿಕೊಂಡ ಕೊಳ್ಳಿ ಮಕ್ಕಳ ಕಾಲಿಗೂ ಸೀರೆಯ ಸೆರಗಿಗೂ ಅಪಾಯ.

ಬೆಂಕಿಯನ್ನು ತಗ್ಗಿಸಬೇಕಾದರೆ ಸೌದೆಯನ್ನು ಹಿಂದಕ್ಕೆ ಎಳೆಯಬೇಕೇ ಹೊರತು ಗಾಳಿ ಮುಚ್ಚಬಾರದು. ಸೌದೆ ತುಂಬಿ ಗಾಳಿ ಮುಚ್ಚಿದರೆ ಹೊಗೆ ಚಿಮಣಿಯಲ್ಲಿ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಆ ಇಲ್ಲಣಕ್ಕೆ ಎಂದಾದರೂ ಕಿಡಿ ತಗಲಿದರೆ ಚಿಮಣಿಯೇ ಹತ್ತಿ ಉರಿಯುತ್ತದೆ. ಸೋಗೆ ಹೊದಿಸಿದ ಮಾಡಿನಲ್ಲಿ ಇದರ ಪರಿಣಾಮ ಏನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಚಿಮಣಿಯನ್ನು ಉಜ್ಜಿ ತೆಗೆಯತಕ್ಕದ್ದು. ಕೊಳವೆ ಮಾಡನ್ನು ದಾಟುವಲ್ಲಿ ಸುತ್ತ ಮರವಾಗಲಿ ಸೋಗೆಯಾಗಲಿ ತಾಗದಂತೆ ಅಂತರವಿಟ್ಟು ತಗಡು ಹೊಡೆಸಬೇಕು.

ಒಂದೊಂದು ಇಂಧನದ ಗುಣ ಒಂದೊಂದು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಬೇಗ ಹತ್ತಿ ಬೇಗ ಮುಗಿಯುತ್ತದೆ. ಹಾಸಿಗೆಗೆ ಎರಚಿದ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಅದಕ್ಕೆ ಅಂಟಿರುತ್ತದೆ, ಕೊಡವಿ ಒಣಗಿಸಿಯೇ ಒಲೆಗೆ ಹಾಕಬೇಕು. ಮುದ್ದೆ ಮಾಡುವ ಮನೆಯವರು ಈ ಕಡ್ಡಿಯಿಂದ ಎಸರು ಕುದಿಸಿ, ಹಿಟ್ಟು ಹಾಕಿದ ಮೇಲೆ ಹುಣಸೆ ಕೊರಡಿನ ಕೆಂಡದ ಮೇಲೆ ಬೇಯಲು ಬಿಡುತ್ತಾರೆ. ಒಂದೇ ಅಡುಗೆಗೆ ಎರಡು ಬೆಂಕಿ. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ನಮ್ಮಲ್ಲಿ ಕಾಫಿ ಗಿಡದ ರೆಂಬೆ ಆ ಹುಣಸೆಯ ಕೆಲಸ ಮಾಡುತ್ತದೆ, ಸೋಗೆ ಆ ಕಡ್ಡಿಯ ಕೆಲಸ ಮಾಡುತ್ತದೆ. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿರುವುದರಿಂದ ಭಗ್ಗೆಂದು ಮೇಲೇಳುತ್ತದೆ, ಹಿಡಿಗಿಂತ ಹೆಚ್ಚು ಹಾಕಬಾರದು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಹಳೆಯ ತೋಪುಗಳ ಪುಳ್ಳೆಗೆ ಆ ಭಾಗದ ಒಲೆಗಳಲ್ಲಿ ಈಗಲೂ ಸ್ಥಾನವಿದೆ. ದ್ರಾಕ್ಷಿ ಬಳ್ಳಿಗೂ ನಮ್ಮ ಅಡಿಕೆಯಂತೆ ಬೋರ್ಡೋ ಮುಂತಾದ ಔಷಧಿ ಹೊಡೆಯುತ್ತಾರೆ. ಹೊಸದಾಗಿ ಔಷಧಿ ಬಿದ್ದ ಯಾವುದೂ ಅಡುಗೆಯ ಒಲೆಗೆ ಬೇಡ.

ಹೊಟ್ಟು, ಸಿಪ್ಪೆಗಳನ್ನು ಮಾತ್ರ ಪ್ರತ್ಯೇಕವಾಗಿ ಕಾಣಬೇಕು. ಕಡಲೆಕಾಯಿ ಸಿಪ್ಪೆಯಾಗಲಿ, ಕಾಫಿ ಹೊಟ್ಟಾಗಲಿ, ಅಡಿಕೆ ಸಿಪ್ಪೆಯಾಗಲಿ ಉರಿಯ ಮೇಲೆ ಮೊರದಿಂದ ಸುರಿದರೆ ಜ್ವಾಲೆ ಆರಿ ಹೊಗೆ ಒಳಗೇ ತುಂಬುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕಿಡಿ ತಾಗಿ ಒಮ್ಮೆಲೇ ಬಾಯಿಂದ ಹೊರಕ್ಕೆ ನುಗ್ಗುತ್ತದೆ. ಬಗ್ಗಿ ಊದುತ್ತಿರುವವರ ಮುಖ ಅಲ್ಲೇ ಇರುತ್ತದೆ! ಹಿಡಿಹಿಡಿಯಾಗಿ ಪಕ್ಕದಿಂದ ಹಾಕಬೇಕು. ಹೆಚ್ಚು ಹೊಟ್ಟಿದ್ದರೆ, ನಡುವೆ ಕೋಲು ನಿಲ್ಲಿಸಿ ಸುತ್ತ ಒತ್ತಿ ತುಂಬಿ ಕೋಲು ತೆಗೆದು ಉರಿಸುವ ಹೊಟ್ಟಿನ ಒಲೆಯೇ ಲೇಸು. ಉರಿಯುವಾಗ ಅದನ್ನು ಕೆದಕಬಾರದು.

ಬೆರಣಿ ಮತ್ತು ಇದ್ದಿಲು ಜಾಲರಿಯ ಕೆಳಗಿನ ಗಾಳಿಯಿಂದ ಉರಿಯುತ್ತವೆ. ಆದ್ದರಿಂದ ಅವಕ್ಕೆ ಜಾಲರಿ ಪೂರ್ತಿ ಚೊಕ್ಕಟವಾಗಿರಬೇಕು. ಸೌದೆಗಾದರೆ ತೆಳ್ಳಗೆ ಬೂದಿ ಇದ್ದರೂ ಅಡ್ಡಿಯಿಲ್ಲ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಹೇಳುತ್ತೇವೆ. ರೇಷ್ಮೆ ಹುಳುವಿಗೆ ಎಳೆಯ ಹಂತದಲ್ಲಿ 27–28 ಡಿಗ್ರಿ, ಬೆಳೆದ ಮೇಲೆ 24–25 ಡಿಗ್ರಿ ಕಾವು ಬೇಕು. ನಂದಿ ಬೆಟ್ಟದ ಸುತ್ತಿನ ಚಳಿಗಾಲದಲ್ಲಿ ಅಷ್ಟು ಕಾವು ಬರಿಸಲು ಹುಳುವಿನ ಮನೆಯಲ್ಲಿ ಇದ್ದಿಲ ಒಲೆ ಇಡುವ ರೂಢಿಯಿದೆ. ಹೊಗೆಯಿಲ್ಲದ ಕೆಂಡ ನಿರಪಾಯಕರವೆಂದು ಕಾಣುತ್ತದೆ. ಆದರೆ ಜ್ವಾಲೆಯಿಲ್ಲದ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ ಬರುವಂತಾಗುವುದು, ತೂಕಡಿಕೆ ಇಷ್ಟೇ ಅದರ ಸೂಚನೆ. ನಿದ್ದೆಯಲ್ಲಿರುವವರಿಗೆ ಅದೂ ಗೊತ್ತಾಗುವುದಿಲ್ಲ. ಹುಳು ಕಾಯುವವರು ಅದೇ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬಾರದು. ನಮ್ಮ ತೋಟದ ಲೈನುಗಳಲ್ಲಿ ಚಳಿಗೆ ಬಾಣಲೆಯಲ್ಲಿ ಕೆಂಡವಿಟ್ಟುಕೊಂಡು ಮಲಗುವವರಿಗೂ ಇದೇ ಮಾತು. ಕೆಂಡವನ್ನು ಹೊರಗೆ ನಿಗಿನಿಗಿ ಮಾಡಿಕೊಂಡು ಒಳಗೆ ತಂದರೂ ಅಪಾಯ ತಪ್ಪಿದ್ದಲ್ಲ. ಎದುರುಬದುರು ಎರಡು ಕಡೆ ಗಾಳಿಕಂಡಿ ತೆರೆದಿರಬೇಕು, ಮಲಗುವ ಮೊದಲು ಕೆಂಡ ಹೊರಗೆ ಹೋಗಬೇಕು. ಯಾರಾದರೂ ಮಂಕಾಗಿದ್ದರೆ ಮೊದಲು ಬಯಲಿಗೆ ತಂದು, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಮಾಲೀಕರಾದ ಸದಸ್ಯರು ಇದನ್ನು ಆಳುಗಳಿಗೆ ತಾವೇ ನಿಂತು ತಿಳಿಸಬೇಕೆಂದು ವಿನಂತಿ.

ಆರಿದಂತೆ ಕಂಡ ಬೆಂಕಿಗೆ ಸೀಮೆಎಣ್ಣೆ ಚಿಮುಕಿಸುವುದೂ ಸಾವನ್ನು ಕರೆದಂತೆಯೇ. ಬಿಸಿ ಕೆಂಡದ ಮೇಲೆ ಅದು ಆವಿಯಾಗಿ ನಿಂತು ಒಮ್ಮೆಲೇ ಹತ್ತುತ್ತದೆ. ಪ್ಲಾಸ್ಟಿಕ್ ಚೀಲ, ಸೈಕಲ್ ಟಯರಿನ ತುಂಡು, ಬಣ್ಣ ಬಳಿದ ಹಲಗೆಗಳೂ ಒಲೆಗೆ ಬೇಡ.

ಬೂದಿಯನ್ನು ಬೆಳಿಗ್ಗೆ ತೆಗೆಯುವುದು ಒಳ್ಳೆಯದು, ರಾತ್ರಿಯೇ ತೆಗೆಯುವುದಾದರೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ ಗೋಣಿಚೀಲ, ಸಿಪ್ಪೆರಾಶಿಗಳಿಂದ ದೂರವಿಡಿ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಆರಿದ ಸೌದೆ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅಡಿಕೆ ಬುಡಕ್ಕೆ ಹಾಕಬಹುದು. ಯೂರಿಯಾದ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.