ಗರ್ಭದಲ್ಲಿರುವ ಮಗುವಿನ ಎದೆಬಡಿತ

ಬಾವಿಯ ಮೇಲಿನ ಪಂಪಿನ ಸದ್ದು ತುಸು ಬದಲಾದರೂ ಸಾಕು, ತೋಟದ ಇನ್ನೊಂದು ತುದಿಯಲ್ಲಿರುವ ರೈತನಿಗೆ ಅದು ತಿಳಿದುಬಿಡುತ್ತದೆ. ನೀರು ಇಳಿಯಿತೋ, ಗಾಳಿ ಹಿಡಿಯಿತೋ ಎಂದು ಓಡಿ ಬರುತ್ತಾನೆ. ಮನೆಯಲ್ಲಿರುವ ಬಸುರಿ ಹೆಂಡತಿಯ ಹೊಟ್ಟೆಯೊಳಗೂ ಹಗಲಿರುಳು ನಡೆಯುವ ಒಂದು ಸದ್ದುಂಟು. ಅದನ್ನು ಕಿವಿಯಾರೆ ಕೇಳಿದ ಗಂಡಸರು ನಮ್ಮ ಹಳ್ಳಿಗಳಲ್ಲಿ ಹೆಚ್ಚು ಮಂದಿ ಇರಲಾರರು. ಆ ಸದ್ದಿನ ವಿಷಯವಾಗಿ ರೈತ ಬಂಧುಗಳೂ ಅವರ ಮನೆಯವರೂ ತಿಳಿದಿರಬೇಕಾದ ಕೆಲವು ಮಾತುಗಳನ್ನು ಇಲ್ಲಿ ಹೇಳಿದೆ.

ಗರ್ಭ ಕಟ್ಟಿದ ಸುಮಾರು ಮೂರು ವಾರಕ್ಕೆ ಮಗುವಿನ ಹೃದಯ ಬಡಿಯತೊಡಗುತ್ತದೆ. ಆಗ ಪಿಂಡವು ಒಂದು ಅಕ್ಕಿಕಾಳಿಗಿಂತಲೂ ಚಿಕ್ಕದು. ಆದರೆ ಆ ಬಡಿತ ನಮ್ಮ ಕಿವಿಗೆ ನಿಲುಕಲು ಬಹಳ ಕಾಲ ಬೇಕು. ಡಾಪ್ಲರ್ ಎಂಬ ಕೈಯಂತ್ರವಿದ್ದರೆ ಸುಮಾರು 12 ವಾರಕ್ಕೆ ಕೇಳಿಸೀತು. ಬರಿಯ ಕೊಳವೆಯಿಂದಾದರೆ ಐದು ತಿಂಗಳಾಗಬೇಕು. ಆರನೆಯ ತಿಂಗಳಿನಿಂದ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಈ ಕೊಳವೆಯ ಕಥೆ ಹಳೆಯದು. 1818ರಲ್ಲಿ ಜಿನೀವಾ ಪಟ್ಟಣದ ಮೇಯೊರ್ ಎಂಬ ವೈದ್ಯನು ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಮಗುವಿನ ಬಡಿತ ಕೇಳಿದನು. 1821ರಲ್ಲಿ ಫ್ರಾನ್ಸಿನ ಕೆರ್ಗರಾದೆಕ್ ಎಂಬಾತನು ಗರ್ಭದೊಳಗಿನ ನೀರಿನ ಸದ್ದು ಕೇಳಬಹುದೇನೋ ಎಂದು ಮರದ ಕೊಳವೆಯಿಟ್ಟನು. ಕೇಳಿಸಿದ್ದು ನೀರಿನ ಸದ್ದಲ್ಲ, ಗಡಿಯಾರದಂಥ ಟಿಕ್‌ಟಿಕ್. 1895ರಲ್ಲಿ ಪಿನಾರ್ ಎಂಬ ಹೆರಿಗೆ ವೈದ್ಯನು ಮಾಡಿದ ತುತ್ತೂರಿಯಂಥ ಕೊಳವೆ ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ಕರೆಂಟು ಬೇಡ, ಸೆಲ್ಲು ಬೇಡ. ಕೇಳುವ ಕಿವಿಯೊಂದಿದ್ದರೆ ಸಾಕು.

ತಪಾಸಣೆಗೆ ಹೋದಾಗ ನರ್ಸಮ್ಮನವರು ಮೊದಲು ಹೊಟ್ಟೆಯನ್ನು ಮುಟ್ಟಿ, ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ನೋಡುವರು. ಬಡಿತ ಚೆನ್ನಾಗಿ ಕೇಳುವುದು ಬೆನ್ನಿನ ಮೂಲಕ. ತಲೆ ಕೆಳಗಾಗಿದ್ದರೆ ತಾಯಿಯ ಹೊಕ್ಕುಳಿನ ಕೆಳಗೆ, ಒಂದು ಪಕ್ಕಕ್ಕೆ ಕೇಳುತ್ತದೆ. ಕುಂಡೆ ಕೆಳಗಾಗಿದ್ದರೆ ಹೊಕ್ಕುಳಿನ ಮಟ್ಟದಲ್ಲಿ ಇಲ್ಲವೆ ಮೇಲೆ. ಕೊಳವೆಯ ಅಗಲ ಬಾಯಿಯನ್ನು ಹೊಟ್ಟೆಗೊತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಕೈ ತೆಗೆದು ಆಲಿಸುವರು. ದಿಂಬಿನ ಕೆಳಗಿಟ್ಟ ಗಡಿಯಾರದ ಸದ್ದಿನಂತೆ ಅದು ಇರುತ್ತದೆ. ಇದೇ ಹೊತ್ತಿಗೆ ಅವರು ತಾಯಿಯ ಮಣಿಕಟ್ಟಿನ ನಾಡಿಯನ್ನೂ ಹಿಡಿಯುವರು. ಏಕೆಂದರೆ ತಾಯಿಯ ರಕ್ತ ಹರಿಯುವ ಸದ್ದೂ ಹೊಟ್ಟೆಯಲ್ಲಿ ಕೇಳುತ್ತದೆ. ಕಿವಿಯ ಬಡಿತವೂ ಕೈಯ ನಾಡಿಯೂ ಒಂದೇ ತಾಳದಲ್ಲಿದ್ದರೆ ಅದು ಮಗುವಿನದಲ್ಲ, ತಾಯಿಯದೆಂದೇ ತಿಳಿದು ಮತ್ತೆ ಹುಡುಕಬೇಕು.

ಎಣಿಸುವುದು ಪೂರ್ತಿ ಒಂದು ನಿಮಿಷ. ಲೆಕ್ಕ ನಿಮಿಷಕ್ಕೆ 110ರಿಂದ 160ರೊಳಗಿರಬೇಕು. ನಮ್ಮ ನರ್ಸುಗಳ ಕೈಪಿಡಿಯಲ್ಲಿ 120ಕ್ಕಿಂತ ಕಡಿಮೆಯಾದರೇ ಎಚ್ಚರಿಕೆ ಎಂದಿದೆ. ದೊಡ್ಡವರಿಗೆ ಇಷ್ಟು ವೇಗವಾದರೆ ಜ್ವರವೆನ್ನುತ್ತೇವೆ. ಮಗುವಿಗೆ ಅದೇ ಸಹಜ. ಮಗು ಒದೆದಾಗ ಬಡಿತ ಸ್ವಲ್ಪ ಹೆಚ್ಚಾದರೆ ಅದು ಒಳ್ಳೆಯ ಲಕ್ಷಣ. ಬಡಿತ ಬೇಗವಾದರೆ ಹೆಣ್ಣು, ನಿಧಾನವಾದರೆ ಗಂಡು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಹುಟ್ಟುವ ಮೊದಲು ಗಂಡೋ ಹೆಣ್ಣೋ ಎಂದು ಪರೀಕ್ಷೆ ಮಾಡಿ ಹೇಳುವುದು 1994ರ ಕಾನೂನಿನಂತೆ ಅಪರಾಧವೂ ಹೌದು.

ಹೆರಿಗೆಯ ನೋವು ಬಂದಾಗಲೇ ಈ ಬಡಿತದ ನಿಜವಾದ ಬೆಲೆ ತಿಳಿಯುವುದು. ಮಗುವಿಗೆ ಪ್ರಾಣವಾಯು ಬರುವುದು ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ. ನೋವು ಬಂದು ಗರ್ಭಕೋಶ ಬಿಗಿದಾಗ ಮಾಸಿಗೆ ರಕ್ತ ಕಡಿಮೆಯಾಗುತ್ತದೆ. ಸಡಿಲವಾದಾಗ ಮತ್ತೆ ಬರುತ್ತದೆ. ಗಟ್ಟಿಯಾದ ಮಗು ಇದನ್ನು ತಾಳಿಕೊಳ್ಳುತ್ತದೆ. ನೋವು ಇಳಿದ ಮೇಲೂ ಬಡಿತ ನಿಧಾನವಾಗಿಯೇ ಉಳಿದರೆ ಮಗು ಕಷ್ಟದಲ್ಲಿದೆ ಎಂದರ್ಥ. ಆದುದರಿಂದಲೇ ನೋವು ಬಲವಾದ ಮೇಲೆ ಅರ್ಧ ಗಂಟೆಗೊಮ್ಮೆಯಾದರೂ, ಮುಕ್ಕುವ ಹೊತ್ತಿಗೆ 5 ನಿಮಿಷಕ್ಕೊಮ್ಮೆ ಬಡಿತ ಎಣಿಸಬೇಕೆಂಬ ನಿಯಮವಿದೆ. ಮನೆಯ ಹೆರಿಗೆಯಲ್ಲಿ ಇದನ್ನು ಮಾಡುವವರು ಯಾರು?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಎಮ್ಮೆ ಸೊರೆಬಿಡಲೆಂದು ಕೆಲವರು ಚುಚ್ಚುವ ಸೂಜಿಯನ್ನು ನೀವು ಬಲ್ಲಿರಿ. ಆ ಆಕ್ಸಿಟೋಸಿನ್ ಔಷಧವನ್ನೇ ಬೇಗ ಹೆರಿಗೆಯಾಗಲೆಂದು ಮನೆಯಲ್ಲಿ ಬಾಣಂತಿಯಾಗಲಿರುವವಳಿಗೆ ಚುಚ್ಚುವವರೂ ಉಂಟು. ಅದರಿಂದ ಗರ್ಭಕೋಶ ಸಡಿಲವಾಗದೆ ಬಿಗಿದೇ ನಿಲ್ಲಬಹುದು, ಒಡೆಯಲೂಬಹುದು. ಮಗುವಿನ ಬಡಿತ ಕುಸಿಯುತ್ತಿದ್ದರೂ ನೋಡುವವರಿರುವುದಿಲ್ಲ. ಆಸ್ಪತ್ರೆಯಲ್ಲಿ ಅಳತೆ ನೋಡಿ, ಬಡಿತ ಎಣಿಸುತ್ತ ಕೊಡುವ ಔಷಧ ಅದು. ಮನೆಯಲ್ಲಿ ಯಾರು ಹೇಳಿದರೂ ಬೇಡವೆನ್ನಿರಿ.

ಮನೆಯಲ್ಲಿ ದಿನವೂ ಬಡಿತ ಕೇಳಬೇಕೇ ಎಂದು ನೀವು ಕೇಳಬಹುದು. ಬೇಡ. ಈಗ ಅಂಗಡಿಯಲ್ಲಿ ಡಾಪ್ಲರ್ ಯಂತ್ರ ಸಿಗುತ್ತದೆ; ಫೋನಿನಲ್ಲೇ ಕೇಳಿಸುತ್ತೇವೆ ಎನ್ನುವವರೂ ಇದ್ದಾರೆ. ಅದರಲ್ಲಿ ತಾಯಿಯ ನಾಡಿಯನ್ನೇ ಮಗುವಿನದೆಂದು ತಿಳಿದು ಸಮಾಧಾನಪಡುವ ಅಪಾಯವಿದೆ. ಕಷ್ಟದಲ್ಲಿರುವ ಮಗುವಿಗೂ ಬಡಿತ ಇದ್ದೇ ಇರುತ್ತದೆ. ಸದ್ದು ಕೇಳಿತೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ.

ಮನೆಯಲ್ಲಿ ಗಮನಿಸಬೇಕಾದದ್ದು ಮಗುವಿನ ಮಿಸುಕಾಟ. ನಾಲ್ಕೂವರೆ, ಐದು ತಿಂಗಳಿಗೆ ತಾಯಿಗೆ ಅದು ತಿಳಿಯತೊಡಗುತ್ತದೆ. ಏಳು ತಿಂಗಳ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ಒಂದು ವಾಡಿಕೆ ಬಂದಿರುತ್ತದೆ. ತಿಂಗಳು ತುಂಬಿದ ಮೇಲೆ ಮಗು ಮಿಸುಕುವುದು ಕಡಿಮೆಯಾಗುತ್ತದೆ ಎಂದು ಅಜ್ಜಿಯರು ಹೇಳುವುದುಂಟು. ಅವರ ಅನುಭವಕ್ಕೆ ಗೌರವ ಕೊಡೋಣ, ಆದರೆ ಈ ಮಾತನ್ನು ನಂಬುವುದು ಬೇಡ. ಮಿಸುಕುವ ರೀತಿ ಬದಲಾದೀತು, ಮಿಸುಕುವುದು ನಿಲ್ಲಬಾರದು. ಅನುಮಾನ ಬಂದರೆ ತಾಯಿ ಕೆಲಸ ಬಿಟ್ಟು ಎಡಮಗ್ಗುಲಿಗೆ ಮಲಗಿ ಗಮನವಿಟ್ಟು ಎಣಿಸಲಿ. ಎರಡು ಗಂಟೆಯಲ್ಲಿ 10 ಸಲ ಮಿಸುಕದಿದ್ದರೆ ಆಗಲೇ ಹೊರಡಬೇಕು. ಮಿಸುಕಾಟ ಪೂರಾ ನಿಂತಂತಿದ್ದರೆ ಎಣಿಸುತ್ತ ಕೂರಲೂಬೇಡಿರಿ.

ಹೀಗಾಗುವುದು ಒಮ್ಮೊಮ್ಮೆ ಕೊಯ್ಲಿನ ದಿನವೇ ಆದೀತು, ಸಂತೆಯ ದಿನವೇ ಆದೀತು. “ನಾಳೆ ನೋಡೋಣ, ಆಳುಗಳು ಬಂದುಬಿಟ್ಟಿದ್ದಾರೆ” ಎಂದು ಯಜಮಾನರು ಹೇಳಿದರೆ ಹೆಂಗಸು ಎದುರು ಮಾತಾಡದೆ ಒಳಗೆ ಹೋಗುವುದೇ ಹೆಚ್ಚು. ಪೈರು ಒಂದು ದಿನ ಕಾದೀತು. ನೀರೊಡೆದರೆ, ರಕ್ತ ಹೋದರೆ, ಮಗು ಮಿಸುಕದಿದ್ದರೆ ಹಗಲಿರಲಿ ರಾತ್ರಿಯಿರಲಿ 108ಕ್ಕೆ ಕರೆ ಮಾಡಿರಿ. ಆ ಗಾಡಿಗೆ ಹಣ ಕೊಡಬೇಕಾಗಿಲ್ಲ.

ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಹೇಳುವಳು. ಈ ಸಲ ನೀವೂ ಜೊತೆಯಲ್ಲಿ ಹೋಗಿರಿ, ಬಾಗಿಲಲ್ಲೇ ನಿಲ್ಲಬೇಡಿರಿ. ಎಣಿಸಿದ ಲೆಕ್ಕವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿರಿ. ನನಗೂ ಒಮ್ಮೆ ಕೇಳಿಸಿರಮ್ಮಾ ಎಂದು ನರ್ಸಮ್ಮನವರನ್ನು ಕೇಳಿದರೆ ಅವರು ಇಲ್ಲವೆನ್ನಲಾರರು.