ಆಲೂಗೆಡ್ಡೆಯ ಹಸಿರು

ಆಲೂಗೆಡ್ಡೆಯನ್ನು ಅರಿಯದ ಮನೆಯಿಲ್ಲ. ಪಲ್ಯಕ್ಕೂ ಹುಳಿಗೂ ಒದಗುವ ಈ ಗೆಡ್ಡೆ ಬಡವ ಬಲ್ಲಿದರಿಬ್ಬರ ಆಹಾರವೂ ಹೌದು. ಆದರೆ ಇಡುವ ಕ್ರಮ ತಪ್ಪಿದರೆ ಅದರೊಳಗಿನ ಸಹಜ ವಿಷವು ಹೆಚ್ಚುವುದೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ.

1969ರಲ್ಲಿ ಲಂಡನ್ನಿನ ಒಂದು ಬಾಲಕರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ವಿದ್ಯಾರ್ಥಿಗಳು ಅಸ್ವಸ್ಥರಾದರು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬೇಸಗೆಯ ರಜೆಗೆ ಮುನ್ನ ಉಳಿದಿದ್ದ ಚೀಲದ ಆಲೂಗೆಡ್ಡೆಯನ್ನು ರಜೆ ಕಳೆದ ಮೇಲೆ ಬೇಯಿಸಿ ಬಡಿಸಿದ್ದರೆಂದು ವಿಚಾರಣೆಯಿಂದ ತಿಳಿಯಿತು. ಪುಣ್ಯವಶಾತ್ ಎಲ್ಲರೂ ಗುಣಹೊಂದಿದರು. ಮಕ್ಕಳಿಗೆ ಅನ್ನವಿಕ್ಕುವ ನಾವೆಲ್ಲರೂ ಮರೆಯಬಾರದ ಪಾಠವಿದು.

ಇದಕ್ಕೆ ಕಾರಣವೇನು? ಆಲೂಗೆಡ್ಡೆಯು ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಅದರ ಕಣ್ಣುಗಳೇ ಮೊಗ್ಗುಗಳು. ಕೀಟಗಳಿಂದಲೂ ಬೂಷ್ಟಿನಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಈ ಗಿಡವು ಸೊಲನೀನ್, ಚಾಕೊನೀನ್ ಎಂಬ ಕಹಿ ವಿಷಗಳನ್ನು ಉಂಟುಮಾಡಿಕೊಳ್ಳುತ್ತದೆ. ಒಳ್ಳೆಯ ಗೆಡ್ಡೆಯಲ್ಲಿ ಇವು ಅತ್ಯಲ್ಪ. ಇದ್ದದ್ದೂ ಬಹುಮಟ್ಟಿಗೆ ಸಿಪ್ಪೆಯಲ್ಲಿ. ಕಿಲೋಗ್ರಾಮಿಗೆ 200 ಮಿಲಿಗ್ರಾಮನ್ನು ಮೀರಬಾರದೆಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ಮಿತಿ. ಬೆಳಕು ಬಿದ್ದಾಗ, ಮೊಳಕೆಯೊಡೆದಾಗ, ಪೆಟ್ಟು ತಗುಲಿದಾಗ ಇವು ಹೆಚ್ಚುತ್ತವೆ.

ಬೆಳಕು ತಾಕಿದ ಕಾಂಡ ಹಸಿರಾಗುವುದು ಸಹಜವಷ್ಟೆ. ಗೆಡ್ಡೆಯ ಹಸಿರೂ ಎಲೆಗಳಲ್ಲಿರುವ ಪತ್ರಹರಿತ್ತೇ; ಅದು ವಿಷವಲ್ಲ. ವಿಷಕ್ಕೆ ಬಣ್ಣವಿಲ್ಲ. ಆದರೆ ಅದನ್ನು ಹೆಚ್ಚಿಸುವ ಬೆಳಕೇ ಹಸಿರನ್ನೂ ತರುವುದರಿಂದ, ಹಸಿರನ್ನು ಎಚ್ಚರಿಕೆಯ ಗುರುತೆಂದು ತಿಳಿಯಬೇಕು. ಕುದಿಸಿದ ಮಾತ್ರಕ್ಕೆ ಈ ವಿಷವು ಅಳಿಯದು. ನಾಲಗೆಗೆ ಕಹಿಯೆನಿಸಿದ ಪಲ್ಯವನ್ನು ಅಲ್ಲಿಗೇ ಬಿಡುವುದು ಲೇಸು. ಹೊಟ್ಟೆನೋವು, ವಾಂತಿ, ಭೇದಿ, ತಲೆನೋವುಗಳು ಈ ವಿಷದ ಲಕ್ಷಣಗಳು.

ತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟು: ಆಲೂಗೆಡ್ಡೆಯನ್ನು ಕತ್ತಲೆಯಾದ, ತಂಪಾದ, ಗಾಳಿಯಾಡುವ ಮೂಲೆಯಲ್ಲಿ ಗೋಣಿಯ ಮೇಲೆ ಹರಡಿ, ಮೇಲೊಂದು ಗೋಣಿಯನ್ನು ಹೊದಿಸಿಡಿರಿ. ಕಿಟಕಿಯ ಬಳಿ ಬೇಡ. ಶೀತಪೆಟ್ಟಿಗೆಯೂ ಬೇಡ, ಅಲ್ಲಿ ಪಿಷ್ಟವು ಸಕ್ಕರೆಯಾಗಿ ರುಚಿ ಕೆಡುತ್ತದೆ. ಹಸಿರು ಅಲ್ಪವಾಗಿದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣನ್ನೂ ಆಳವಾಗಿ ಕೆತ್ತಿ ತೆಗೆಯಿರಿ. ಹೆಚ್ಚಾಗಿದ್ದರೆ ಗೆಡ್ಡೆಯನ್ನೇ ಬಿಸುಡಿರಿ, ದನಗಳಿಗೂ ಹಾಕದಿರಿ. ಮಿತವ್ಯಯವು ಸದ್ಗುಣವೇ ಸರಿ. ಆದರೆ ಎರಡು ಗೆಡ್ಡೆಗಳ ಉಳಿತಾಯವು ಮಗುವಿನ ಆರೋಗ್ಯಕ್ಕಿಂತ ದೊಡ್ಡದಲ್ಲ.

ವಿದ್ಯಾರ್ಥಿಗಳೇ, ಒಂದು ಗೆಡ್ಡೆಯನ್ನು ಕಿಟಕಿಯಲ್ಲಿಯೂ ಇನ್ನೊಂದನ್ನು ಮುಚ್ಚಿದ ಡಬ್ಬಿಯಲ್ಲಿಯೂ ಎರಡು ವಾರ ಇಟ್ಟು ನೋಡಿರಿ. ಕಂಡುದನ್ನು ಬರೆದಿಟ್ಟು, ಗೆಡ್ಡೆಗಳನ್ನು ತಿನ್ನದೆ ಮಣ್ಣಿನಲ್ಲಿ ಹೂಳಿರಿ. ಕಣ್ಣಾರೆ ಕಂಡ ಪಾಠವು ಬೇಗ ಮರೆಯದು.